ರೆಪೊಸಿಟರಿ ದಾಯವಿಭಾಗ ವಿಚಾರ

ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ ಕುಳಿತು ಮಿತಾಕ್ಷರ ಬರೆದ ವಿಜ್ಞಾನೇಶ್ವರ, ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂದ. ಬಂಗಾಳದ ಜೀಮೂತವಾಹನ ತನ್ನ ದಾಯಭಾಗದಲ್ಲಿ ಇದನ್ನೊಪ್ಪದೆ, ತಂದೆ ಕಣ್ಣು ಮುಚ್ಚಿದ ಮೇಲೆಯೇ ಹಕ್ಕು ಎಂದ. ಕ್ಲೈಂಟುಗಳಿಗೆ ಕೋಡ್ ಬರೆದು ಬದುಕುವ ಕನ್ಸಲ್ಟೆಂಟರು ಇವರಲ್ಲಿ ಯಾರ ಪಂಥದವರೆಂದು ವಿದ್ವಾಂಸರು ವಿಚಾರ ಮಾಡದಿರುವುದು ಶೋಚನೀಯ. ಕಮಿಟ್ ಆದ ಕ್ಷಣವೇ ಕೋಡ್ ನನ್ನದೆನ್ನುವ ಕ್ಲೈಂಟ್ ಮಿತಾಕ್ಷರದವನು. ಕೊನೆಯ ಬಿಲ್ಲು ಬರುವವರೆಗೆ ಬಿಟ್ಟುಕೊಡೆನೆನ್ನುವ ಕನ್ಸಲ್ಟೆಂಟ್ ದಾಯಭಾಗದವನು. ಸಂಬಳದ ನೌಕರನಲ್ಲದವನು ಬರೆದದ್ದು ಲಿಖಿತವಾಗಿ ವರ್ಗಾಯಿಸುವ ತನಕ ಸಾಮಾನ್ಯವಾಗಿ ಅವನದೇ ಎನ್ನುವ ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆ ಬಂಗಾಳದ ಕಡೆಗೇ ವಾಲಿದೆ. ಪಂಥ ಯಾವುದಾದರೂ ಪಾಲಿನ ದಿನ ತಪ್ಪಿದ್ದಲ್ಲ. ಆದ್ದರಿಂದ ಕೋಡನ್ನು ಜಾವಾ, ಪೈಥಾನ್ ಎಂದು ಜಾತಿವಾರು ವಿಂಗಡಿಸುವುದು ಅಶಾಸ್ತ್ರೀಯ. ಒಂದು ಕರಾರಿಗೆ ಒಂದು ರೆಪೊಸಿಟರಿ, ಇದೇ ಸಿದ್ಧಾಂತ.

ಪ್ರಮಾಣ ಗಿಟ್‌ನ ಸ್ವಭಾವದಲ್ಲೇ ಇದೆ. ಲಿನಸ್ ಟೋರ್ವಾಲ್ಡ್ಸ್ 2005ರಲ್ಲಿ ಕಟ್ಟಿದ ಈ ಸಾಧನದಲ್ಲಿ ಪ್ರತಿ ಕಮಿಟ್ಟೂ ಇಡೀ ಭಂಡಾರದ ಆ ಹೊತ್ತಿನ ಪಡಿಯಚ್ಚು. ಎಲ್ಲ ಕ್ಲೈಂಟುಗಳನ್ನೂ ಫೋಲ್ಡರಿಗೊಬ್ಬರಂತೆ ಒಂದೇ ಕಡೆ ಕೂರಿಸಿ, ಪಾಲಿನ ದಿನ ಉಳಿದವರ ಫೋಲ್ಡರ್ ಅಳಿಸಿ ಕೊಟ್ಟರೆ, ಪಡೆದವನು ಹಳೆಯ ಕಮಿಟ್ಟಿಗೆ ಹೋಗಿ ಪ್ರತಿಸ್ಪರ್ಧಿಯ ಡೇಟಾಬೇಸ್ ಪಾಸ್‌ವರ್ಡನ್ನು ಆರಾಮಾಗಿ ಓದಬಲ್ಲ. ಎಲ್ಲಿ ಹುಡುಕಬೇಕೆಂದು ತಿಳಿಸಲು ‘ಪಾಸ್‌ವರ್ಡ್ ತೆಗೆದಿದೆ’ ಎಂಬ ಕಮಿಟ್ ಸಂದೇಶವೂ ಅಲ್ಲೇ ಇರುತ್ತದೆ. ಇತಿಹಾಸವನ್ನೇ ತಿದ್ದುವ ಫಿಲ್ಟರ್-ರೆಪೊ ಎಂಬ ಪ್ರಾಯಶ್ಚಿತ್ತ ಉಂಟು, ನಿಜ. ಅದಾದ ಮೇಲೆ ತಿದ್ದಿದಲ್ಲಿಂದ ಮುಂದಿನ ಕಮಿಟ್ಟುಗಳ ಗುರುತೆಲ್ಲ ಬದಲಾಗಿ, ಕೆಲಸಗಾರರೆಲ್ಲ ಹೊಸದಾಗಿ ಕ್ಲೋನ್ ಮಾಡಿಕೊಳ್ಳಬೇಕು.

ಪೂರ್ವಪಕ್ಷದವರು ಗೂಗಲ್ ಕಡೆ ಬೆರಳು ತೋರುತ್ತಾರೆ: 2015ರಲ್ಲೇ ಅಲ್ಲಿ ಒಂದೇ ಭಂಡಾರದಲ್ಲಿ ಸುಮಾರು 200 ಕೋಟಿ ಸಾಲು ಕೋಡ್ ಇರಲಿಲ್ಲವೇ? ಇತ್ತು. ಅದು ಗಿಟ್ ಅಲ್ಲ, ಪೈಪರ್ ಎಂಬ ಸ್ವಂತ ವ್ಯವಸ್ಥೆ ಎಂಬುದು ಹಾಗಿರಲಿ. ಅಲ್ಲಿ ಯಜಮಾನ ಒಬ್ಬನೇ, ಪಾಲು ಕೇಳುವವರಿಲ್ಲ. ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು. ಲಾಗಿನ್, ಜಿಎಸ್‌ಟಿ ಲೆಕ್ಕದ ಕೋಡನ್ನು ಪ್ರತಿ ಭಂಡಾರಕ್ಕೂ ನಕಲು ಮಾಡಿದರೆ ಒಂದೇ ದೋಷವನ್ನು ಮನೆಮನೆಗೆ ಹೋಗಿ ತಿದ್ದಬೇಕಲ್ಲ? ಇದಕ್ಕೂ ವಿಜ್ಞಾನೇಶ್ವರನೇ ಗತಿ: ಪಿತೃಧನಕ್ಕೆ ಕೈಹಾಕದೆ ಗಳಿಸಿದ ಸ್ವಯಾರ್ಜಿತಕ್ಕೆ ಪಾಲಿಲ್ಲ. ಯಾವ ಕ್ಲೈಂಟಿನ ಬಿಲ್ಲಿಗೂ ಹತ್ತದ ಗಂಟೆಗಳಲ್ಲಿ ಬರೆದ ಕೋಡನ್ನು ಬೇರೆ ಭಂಡಾರದಲ್ಲಿಟ್ಟು, ವರ್ಷನ್ ನಂಬರ್ ಹಾಕಿದ ಪ್ಯಾಕೇಜಾಗಿ ಕೊಟ್ಟು, ಕರಾರಿನಲ್ಲಿ ಬಳಕೆಯ ಹಕ್ಕಷ್ಟೇ ಬರೆಯಬೇಕು. ಅಷ್ಟಕ್ಕೆ ಸಬ್‌ಮಾಡ್ಯೂಲ್ ಸಾಲದೇ ಎನ್ನುವವರಿದ್ದಾರೆ. ಹೊಸದಾಗಿ ಸೇರಿದವನು ಎಂದಿನಂತೆ ಕ್ಲೋನ್ ಮಾಡಿದರೆ ಸಬ್‌ಮಾಡ್ಯೂಲ್ ಇರಬೇಕಾದಲ್ಲಿ ಸಿಗುವುದು ಖಾಲಿ ಫೋಲ್ಡರ್. ಅದರ ನಡವಳಿಕೆಯೇ ಹಾಗೆ, ಇನ್ನೊಂದು ಕಮಾಂಡ್ ಕೊಡಬೇಕೆಂದು ಅವನಿಗೆ ಯಾರಾದರೂ ಹೇಳುವಷ್ಟರಲ್ಲಿ ಊಟದ ಹೊತ್ತಾಗಿರುತ್ತದೆ, ಆ ಬೆಳಗಿನ ಗಂಟೆಗಳನ್ನು ಯಾವ ಕ್ಲೈಂಟಿನ ಲೆಕ್ಕಕ್ಕೆ ಬರೆಯಬೇಕೆಂಬ ವ್ಯಾಜ್ಯವೂ ಶುರುವಾಗಿರುತ್ತದೆ.