ಉದ್ರಿ ಖಾತೆ

ಕತೆಗಳಿಗೆ ಚಿತ್ರ ಬರೆದು ಹೊಟ್ಟೆ ಹೊರೆಯುವವನಿಗೆ ಸ್ಫೂರ್ತಿಯೆಂಬುದು ರೊಕ್ಕ ಎಣಿಸಿ ತರುವ ಸಾಮಾನಲ್ಲ, ಉದ್ರಿ ತರುವ ಸಾಮಾನು. ನಮ್ಮೂರು ಜಕ್ಕಲಿಯ ಕಿರಾಣಿ ಅಂಗಡಿಯಲ್ಲಿ ‘ಇಂದು ನಗದು, ನಾಳೆ ಉದ್ರಿ’ ಎಂಬ ಬೋರ್ಡಿದ್ದರೂ ಸಕ್ಕರೆ, ಚಾಪುಡಿ ಹೇಗೋ ಮನೆ ಸೇರುತ್ತವಲ್ಲ, ಹಾಗೆ ನನ್ನ ಕಾಗದದ ಮೇಲೆ ಮೂಗು, ಮುಂಗುರುಳು, ಮೋಡಗಳು ಬಂದು ಸೇರುತ್ತವೆ. ಅಂಗಡಿಯವನು ಬಾಕಿ ಬರೆದಿಟ್ಟುಕೊಳ್ಳುತ್ತಾನೆ. ನಾನು ಕೆಳಗೆ ನನ್ನ ಸಹಿ ಹಾಕುತ್ತೇನೆ. ಫರಕು ಇಷ್ಟೇ.

ಸ್ಫೂರ್ತಿ ಬರುವ ಮೊದಲೇ ಸಂಪಾದಕರ ಫೋನು ಬಂದಿರುತ್ತದೆ. “ನಾಳೆ ಸಂಜೆಯೊಳಗೆ ಚಿತ್ರ ಬೇಕು. ಕಿಟಕಿ, ಕಿಟಕಿಯಲ್ಲಿ ಹೆಂಗಸು, ಹೊರಗೆ ಮಳೆ.” ಕತೆ ಎಲ್ಲಿ ಎಂದರೆ, “ಲೇಖಕರು ಬರೀತಾ ಇದ್ದಾರೆ” ಎನ್ನುತ್ತಾರೆ. ಕನ್ನಡ ಕತೆಗಳಲ್ಲಿ ಸುರಿಯುವ ಮಳೆಯ ಕಾಲುಭಾಗ ನಮ್ಮ ಎರಿ ಹೊಲಗಳಿಗೆ ಸುರಿದಿದ್ದರೆ ಇಲ್ಲಿನ ರೈತರು ಕತೆ ಓದುತ್ತಾ ಕೂರಬಹುದಿತ್ತು. ನನ್ನ ಕಿಟಕಿಯಾಚೆ ಕಾಣುವುದು ಒಂದು ಬೇವಿನ ಮರ, ಅದರ ನೆರಳಲ್ಲಿ ಮಲಗಿದ ನಾಯಿ, ನಾಯಿಯ ಸುತ್ತ ಬಿಸಿಲು. ಹೀಗಾಗಿ ಮಲೆನಾಡಿನ ಮಳೆಯನ್ನು ಬೇರೆ ಕಲಾವಿದರ ಕಿಟಕಿಯಿಂದಲೇ ತರಿಸಿಕೊಳ್ಳಬೇಕು.

ನನ್ನ ಖಾತೆಯ ಮೊದಲ ಪುಟ ‘ಚಂದಮಾಮ’ದ್ದು. ಎಂ.ಟಿ.ವಿ. ಆಚಾರ್ಯರ ಮಹಾಭಾರತದ ಮುಖಪುಟಗಳ ಹಳೇ ಸಂಚಿಕೆಗಳು ನಮ್ಮ ಅಟ್ಟದ ಮೇಲಿದ್ದವು. ಶಂಕರ್ ಅವರ ವಿಕ್ರಮನಂತೂ ಹೆಗಲಿಗೆ ಶವ ಏರಿಸಿಕೊಂಡು, ಕೈಯಲ್ಲಿ ಕತ್ತಿ ಹಿಡಿದು ತಿಂಗಳು ತಿಂಗಳು ನಮ್ಮ ಮನೆಗೆ ನಡೆದು ಬರುತ್ತಿದ್ದ. ಆ ನಡಿಗೆಯನ್ನು ನಾನು ಎತ್ತಿಟ್ಟುಕೊಂಡೆ. ಈಗ ನಾನು ಬರೆಯುವ ಗುಮಾಸ್ತ ಬ್ಯಾಂಕಿಗೆ ಹೊರಟರೂ, ಮಾಸ್ತರ ಶಾಲೆಗೆ ಹೊರಟರೂ ವಿಕ್ರಮನಂತೆಯೇ ಬೆನ್ನು ಬಾಗಿಸಿ ನಡೆಯುತ್ತಾರೆ. ಬೇತಾಳ ಇಲ್ಲದಿದ್ದರೇನು, ಮನೆ ಸಾಲ ಇರುತ್ತದಲ್ಲ!

ಸಮಾಧಾನದ ಸಂಗತಿಯೆಂದರೆ ನನಗೆ ಉದ್ರಿ ಕೊಟ್ಟವರೂ ಇನ್ನೊಬ್ಬರ ಬಾಕಿದಾರರೇ. ರಾಜಾ ರವಿವರ್ಮ ಪಶ್ಚಿಮದವರ ತೈಲವರ್ಣ ತಂದು ಅದರಲ್ಲಿ ನಮ್ಮ ಲಕ್ಷ್ಮಿ, ಸರಸ್ವತಿಯರನ್ನು ಬರೆದ; 1894ರಲ್ಲಿ ಮುಂಬಯಿಯಲ್ಲಿ ಛಾಪಖಾನೆ ಹಾಕಿ ಅವರನ್ನು ಮನೆಮನೆಯ ಜಗಲಿಗೆ ಕಳಿಸಿದ. ಮುಂದೆ ಕಲಬುರಗಿಯ ಎಸ್.ಎಂ. ಪಂಡಿತರು ಕ್ಯಾಲೆಂಡರಿನ ದೇವತೆಗಳನ್ನೂ ಸಿನಿಮಾ ಪೋಸ್ಟರಿನ ನಾಯಕಿಯರನ್ನೂ ಒಂದೇ ಕುಂಚದಲ್ಲಿ ಬರೆದರು. ನಮ್ಮ ದೇವರಕೋಣೆಯ ಪಾರ್ವತಿ ಯಾವುದೋ ಚಿತ್ರದಲ್ಲಿ ನಟಿಸಿದ್ದಾಳೆಂದು ನನಗೆ ಚಿಕ್ಕಂದಿನಲ್ಲಿ ಗುಮಾನಿ ಇತ್ತು. ಈಗಲೂ ಪೂರ್ತಿ ಹೋಗಿಲ್ಲ.

ಇದೆಲ್ಲ ಹೊಸ ಕಾಲದ ಚಾಳಿ ಎನ್ನುವವರು ಒಮ್ಮೆ ಸೂಡಿಗೆ ಹೋಗಿ ಬರಬೇಕು. ಜೋಡು ಕಳಸದ ಗುಡಿ, ನಾಗಕುಂಡ ನೋಡಬೇಕು. ಹಾಗೇ ಲಕ್ಕುಂಡಿ, 1112ರ ಇಟಗಿ ಮಹಾದೇವ ಗುಡಿ ಸುತ್ತಬೇಕು. ಚಾಲುಕ್ಯರ ಕಾಲದ ರೂವಾರಿಗಳು ಒಬ್ಬರ ಕೀರ್ತಿಮುಖ ಇನ್ನೊಬ್ಬರು, ಒಂದು ಊರಿನ ಬಳ್ಳಿ ಇನ್ನೊಂದು ಊರಿಗೆ ಹೇಗೆ ಒಯ್ದಿದ್ದಾರೆಂದು ಕಾಣುತ್ತದೆ. ನನಗೆ ಬಹಳ ಹತ್ತಿರದವನೆಂದರೆ ಅಲ್ಲಿನ ಮಕರ. ಬಾಯಿ ಮೊಸಳೆಯದು, ಸೊಂಡಿಲು ಆನೆಯದು, ಬಾಲವೆಂದು ಬಿಟ್ಟಿರುವುದು ನವಿಲುಗರಿಯೋ ಹೂಬಳ್ಳಿಯೋ ಹೇಳಲಾಗದು. ಮೈಮೇಲೆ ಸ್ವಂತದ್ದು ಒಂದೂ ಇಲ್ಲ. ಆದರೂ ಬಾಗಿಲ ಮೇಲೆ ಕೂತಿರುವ ಗತ್ತು ನೋಡಿದರೆ ಆನೆಯೇ ಬಂದು ಸೊಂಡಿಲು ವಾಪಸು ಕೇಳಲು ಹೆದರಬೇಕು. ಉದ್ರಿ ತಂದದ್ದನ್ನು ಹೀಗೆ ಜೀರ್ಣಿಸಿಕೊಳ್ಳಬೇಕು.

ಮನೆಯೊಳಗೆ ನನ್ನ ದೊಡ್ಡ ಸಾಹುಕಾರ್ತಿ ನಮ್ಮ ಆಯಿ. ಆಕೆ ಕಸೂತಿ ಹಾಕುವಾಗ ಬಟ್ಟೆಯ ಮೇಲೆ ಪೆನ್ಸಿಲ್ ಗೆರೆ ಎಳೆಯುವುದಿಲ್ಲ. ಎಳೆ ಎಣಿಸುತ್ತಾಳೆ. ಗವಂತಿಯಲ್ಲಿ ಸೂಜಿ ಒಂದು ಹೊಲಿಗೆ ಬಿಟ್ಟು ಒಂದು ಹಾಕುತ್ತ ಹೋಗುತ್ತದೆ. ತಿರುಗಿ ಬರುವಾಗ ಬಿಟ್ಟ ಜಾಗಗಳನ್ನೆಲ್ಲ ತುಂಬುತ್ತ ಬರುತ್ತದೆ. ಗಂಟಿಲ್ಲ. ತೇರು, ಗೋಪುರ, ಆನಿ ಅಂಬಾರಿ ಮುಂದೆ ಹೇಗೋ ಹಿಂದೆಯೂ ಹಾಗೇ. ಒಮ್ಮೆ ನನ್ನ ಚಿತ್ರ ಅಚ್ಚಾದ ಪತ್ರಿಕೆಯನ್ನು ಹೆಮ್ಮೆಯಿಂದ ಆಕೆಯ ಕೈಗಿಟ್ಟೆ. ಕನ್ನಡಕ ಏರಿಸಿ ನೋಡಿದಳು, ಚಟ್ಟನೆ ಪುಟ ಮಗುಚಿದಳು.

“ಹಿಂದ ಬ್ಯಾರೆನ ಐತಲ್ಲೋ ಯಪ್ಪಾ?”

ಹಿಂದೆ ವಾರಭವಿಷ್ಯ ಇತ್ತು. ಆಕೆಯ ಲೆಕ್ಕದಲ್ಲಿ ಅದೂ ನನ್ನದೇ ಕೆಲಸ. ಅಂದಿನಿಂದ ಆಕೆಯ ರಾಶಿಗೆ ಕೆಟ್ಟದ್ದು ಬಂದಾಗಲೆಲ್ಲ ಜವಾಬ್ದಾರಿ ನನ್ನ ಮೇಲೆ.

ಬಣ್ಣಕ್ಕೆ ಆಯಿಯ ಟ್ರಂಕು ಸಾಕು. ಅದರಲ್ಲಿ ಗಜೇಂದ್ರಗಡದ ಪಟ್ಟೇದ ಅಂಚಿನ ಸೀರೆಯೊಂದಿದೆ. ದಪ್ಪ ಹತ್ತಿ, ಒಡಲ ತುಂಬ ಚೌಕುಳಿ, ಸಾಸಿವೆ ಹಳದಿಗೆ ಕೆಂಪಂಚು. “ಈ ಕಲರ್ ಸ್ಕೀಮು ಎಲ್ಲಿಂದ ಹಿಡಿದ್ರಿ? ತುಂಬಾ ಮಾಡರ್ನ್ ಆಗಿದೆ” ಎಂದು ಸಂಪಾದಕರು ಕೇಳಿದಾಗ ಟ್ರಂಕಿನ ಹೆಸರು ಹೇಳಲಿಲ್ಲ. ವ್ಯಾಪಾರದ ಗುಟ್ಟು. ಇನ್ನು ಗೆರೆ ಬೇಕಾದರೆ ಬೇಸಿಗೆಯಲ್ಲಿ ಎರಿ ಹೊಲಕ್ಕೆ ಹೋಗಿ ನಿಂತರಾಯಿತು. ಕಾಲು ಸಿಗಿಬೀಳುವಷ್ಟು ಅಗಲ ಬಿರಿದ ನೆಲ. ಒಂದು ಗೆರೆ ಇನ್ನೊಂದಕ್ಕೆ ಎಲ್ಲಿ ಕೂಡಬೇಕೋ ಅಲ್ಲೇ ಕೂಡಿರುತ್ತದೆ. ಮುದುಕರ ಮುಖ ಬರೆಯುವ ವಿದ್ಯೆ ನನಗೆ ಅಲ್ಲಿ ಸಿಕ್ಕಿತು. ಚಳಿಗಾಲಕ್ಕೆ ಅದೇ ನೆಲ ಬಿಳಿಜೋಳ, ಕುಸುಬಿ, ಕಡಲೆ ಹೊದ್ದು ಮಲಗಿರುತ್ತದೆ. ಆಗ ಹೋದರೆ ಸ್ಫೂರ್ತಿಗಿಂತ ಸುಲಗಾಯಿಯೇ ಹೆಚ್ಚು ಸಿಗುತ್ತದೆ.

ವಿಮರ್ಶಕರಿಗೂ ನಮ್ಮೂರಲ್ಲಿ ಕೊರತೆಯಿಲ್ಲ. ರೈತನೊಬ್ಬನ ಕತೆಗೆ ಜೋಡಿ ಕಿಲಾರಿ ಎತ್ತು ಬರೆದಿದ್ದೆ. ಬಿಲ್ಲಿನಂತೆ ಹಿಂದಕ್ಕೆ ಬಾಗಿ ಮೇಲೇರಿದ ಕೋಡು, ಕೊರೆದಿಟ್ಟಂಥ ಮೈಕಟ್ಟು. ಕಟ್ಟೆಯ ಮೇಲಿನ ಹಿರಿಯರು ಪತ್ರಿಕೆಯನ್ನು ಕೈಯಿಂದ ಕೈಗೆ ದಾಟಿಸಿದರು. ಬೆಳಕು, ನೆರಳು, ಸಂಯೋಜನೆ ಯಾವುದರ ಬಗ್ಗೆಯೂ ಯಾರೂ ತುಟಿ ಬಿಚ್ಚಲಿಲ್ಲ.

“ಎಷ್ಟ ಹಲ್ಲಿನೂರಿ ಇವು?” ಎಂದರು ಒಬ್ಬರು.

“ಬಾಯಿ ಮುಚ್ಚ್ಯಾವಲ್ಲರಿ ಕಾಕಾ” ಎಂದೆ.

“ಹಲ್ಲ ನೋಡದ ಎತ್ತು ಹೆಂಗ ತಗೋಬೇಕು?” ಎಂದು ಪತ್ರಿಕೆ ಮಡಚಿ ನನ್ನ ಕೈಗಿಟ್ಟರು. ವ್ಯವಹಾರ ಮುರಿದುಬಿತ್ತು.

ಹೀಗೆ ಎಲ್ಲವೂ ಉದ್ರಿಯೇ ಎಂಬ ನನ್ನ ಸಿದ್ಧಾಂತಕ್ಕೆ ಅಡ್ಡ ನಿಲ್ಲುವುದು ಜಕ್ಕಲಿಯ ಹೆಸರಿಗೇ ಅಂಟಿಕೊಂಡ ಒಂದು ಚಿತ್ರ. ನಮ್ಮೂರಿನ ಅಂದಾನಪ್ಪ ದೊಡ್ಡಮೇಟಿಯವರು 1953ರಲ್ಲಿ ಗದಗಿನ ಕಲಾವಿದ ಸಿ.ಎನ್. ಪಾಟೀಲರಿಂದ ತಾಯಿ ಭುವನೇಶ್ವರಿಯ ಚಿತ್ರ ಬರೆಸಿದರು. ಆಗ ಜಕ್ಕಲಿ ಮುಂಬಯಿ ರಾಜ್ಯದಲ್ಲಿತ್ತು. ಮಗ್ಗುಲಿನ ಯಲಬುರ್ಗಿ ಹೈದರಾಬಾದಿಗೆ ಸೇರಿತ್ತು. ಹೆಣ್ಣು ಕೊಟ್ಟು ತರುವ ಊರುಗಳು ಬೇರೆ ರಾಜ್ಯದಲ್ಲಿದ್ದವು. ಅಂದರೆ ಯಾವ ನಾಡಿನ ತಾಯಿಯನ್ನು ಬರೆಯಬೇಕಿತ್ತೋ ಆ ನಾಡು ಇನ್ನೂ ಹುಟ್ಟಿರಲಿಲ್ಲ. ಕತೆ ಬರುವ ಮೊದಲೇ ಚಿತ್ರ ಕೇಳುವ ಗಿರಾಕಿಗಳು ನನಗೂ ಗೊತ್ತು. ರಾಜ್ಯ ಬರುವ ಮೊದಲೇ ಚಿತ್ರ ಬರೆಸಿದವರು ನಾನು ಬಲ್ಲಂತೆ ದೊಡ್ಡಮೇಟಿಯವರೊಬ್ಬರೇ. ಕಿರೀಟಕ್ಕೆ, ಸೀರೆಗೆ, ಆಭರಣಕ್ಕೆ ಹಿಂದಿನವರ ಮಾದರಿ ಸಿಕ್ಕಿರಬಹುದು. ನಾಡಿಗೆ ಮಾದರಿ ಎಲ್ಲಿ ಸಿಗಬೇಕು?

ನಾಡು ಒಂದಾಗಿದ್ದು 1956ರ ನವೆಂಬರ್ 1ಕ್ಕೆ, ಅದೂ ಮೈಸೂರು ಎಂಬ ಹೆಸರಿನಲ್ಲಿ. ಕರ್ನಾಟಕ ಎಂದೇ ಕರೆಯಬೇಕೆಂದು ಶಾಸನಸಭೆಯಲ್ಲಿ ಪಟ್ಟು ಹಿಡಿದವರೂ ದೊಡ್ಡಮೇಟಿಯವರೇ. 1972ರಲ್ಲಿ ತೀರಿಕೊಂಡರು, ಮರುವರ್ಷ ಹೆಸರು ಬಂತು. ಲೋಕದಲ್ಲಿ ಇರುವುದನ್ನು ನೋಡಿ ಚಿತ್ರ ಬರೆಯುತ್ತೇವೆ. ಇಲ್ಲಿ ಚಿತ್ರ ಮೊದಲು ಬಂತು, ಲೋಕ ಇಪ್ಪತ್ತು ವರ್ಷ ತಡವಾಗಿ ಅದನ್ನು ನೋಡಿ ತಿದ್ದಿಕೊಂಡಿತು. ಖಾತೆಯಲ್ಲಿ ಚಿತ್ರಕಾರನ ಹೆಸರಿಗೆ ಜಮಾ ಎಂದು ಬರೆದಿರುವ ಪುಟ ನನಗೆ ಗೊತ್ತಿರುವ ಮಟ್ಟಿಗೆ ಇದೊಂದೇ.

ಅಷ್ಟು ದೊಡ್ಡ ಜಮಾ ನನ್ನ ಹಣೆಯಲ್ಲಿ ಬರೆದಿಲ್ಲ. ಆದರೆ ಮೊನ್ನೆ ನನ್ನ ಖಾತೆಯಲ್ಲೂ ಒಂದು ಸಣ್ಣ ಮೊತ್ತ ಎದುರು ಪುಟಕ್ಕೆ ಬಿತ್ತು. ಎದುರುಮನೆಯ ಹುಡುಗಿ, ಐದನೆತ್ತೆಯವಳು, ಶಾಲೆಯ ಚಿತ್ರ ಸ್ಪರ್ಧೆಗೆ ನನ್ನ ಆ ಎತ್ತುಗಳನ್ನೇ ನೋಡಿ ಬರೆದಿದ್ದಳು. ಕೇಳದೆ ತೆಗೆದುಕೊಂಡದ್ದಕ್ಕೆ ಮುಖ ಗಂಟಿಕ್ಕೋಣವೆಂದು ಹಾಳೆ ಹಿಡಿದೆ. ಕೋಡಿಗೆ ಅವಳು ಗೊಂಡೆ ಕಟ್ಟಿದ್ದಳು. ಬೆನ್ನಿಗೆ ಆಯಿಯ ಕಸೂತಿ ತೇರಿನ ಝೂಲ ಹೊದಿಸಿದ್ದಳು. ಎರಡೂ ಎತ್ತು ಬಾಯಿ ತೆರೆದಿದ್ದವು. ಕೆಳದವಡೆಯಲ್ಲಿ ಎಣಿಸಿ ಆರಾರು ಹಲ್ಲು.

“ಇನ್ನ ಮ್ಯಾಲೆ ಮುತ್ಯಾಗೋಳು ಏನೂ ಕೇಳಂಗಿಲ್ಲ ನೋಡ್ರಿ” ಎಂದಳು.

ಮುಂದಿನ ಸಂಚಿಕೆಗೆ ಮತ್ತೊಂದು ರೈತನ ಕತೆ ಬಂದಿದೆ. ಆ ಎತ್ತುಗಳನ್ನು ಉದ್ರಿ ಕೇಳಿದ್ದೇನೆ. ವಿಚಾರ ಮಾಡಿ ಹೇಳ್ತೀನಿ ಅಂದಿದ್ದಾಳೆ.