ಎತ್ತಿಡುವಿಕೆ ಮೀಮಾಂಸೆ: ಏಳು ಪಥ್ಯಗಳ ಒಂದು ಪಂಕ್ತಿಯ ಶಾಸ್ತ್ರೀಯ ವಿವೇಚನೆ

1. ಪ್ರಸ್ತಾವನೆ

ಪಾಕಶಾಸ್ತ್ರದಲ್ಲಿ ಕನ್ನಡ ನಾಡು ಬಡವಾದದ್ದೇನಲ್ಲ. ಎರಡನೆಯ ಚಾವುಂಡರಾಯ 1025ರ ಸುಮಾರಿಗೆ ಬರೆದ ‘ಲೋಕೋಪಕಾರ’ದಲ್ಲಿ ನೀರಿನ ಸೆಲೆ ಹುಡುಕುವುದು, ಗಿಡ ಬೆಳೆಸುವುದು ಇವುಗಳ ಜತೆಗೆ ಅಡುಗೆಯ ವಿಚಾರವೂ ಬರುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ಇಡ್ಲಿಯ ಮುತ್ತಜ್ಜನಿಂದ ಹಿಡಿದು ಹೊಲದ ಇಲಿಯನ್ನು ಸುಡುವ ಬಗೆಯವರೆಗೆ ವಿವರಿಸಿದ್ದಾನೆ. 16ನೇ ಶತಮಾನದ ಮಂಗರಸ ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲೇ ಹೇಳಿ ಮುಗಿಸಿದ.

ಆದರೂ ಪ್ರಸ್ತುತ ಪ್ರಬಂಧಕ್ಕೆ ಎಡೆಯಿದೆ. ಸೋಮೇಶ್ವರನಿಗೆ ಅರಮನೆಯ ಬಾಣಸಿಗರಿದ್ದರು. ನಮ್ಮ ಅತ್ತಿಗೆಗೆ ಇರುವುದು ಎರಡು ಬರ್ನರಿನ ಒಲೆ. ಮಂಗರಸನ ಷಟ್ಪದಿಗೆ ಆರು ಪಾದ. ನಮ್ಮ ಪಂಕ್ತಿಯಲ್ಲಿ ಪಥ್ಯದವರು ಏಳು ಮಂದಿ. ಹೇಗೆ ಹೊಂದಿಸಿದರೂ ಒಬ್ಬರು ಛಂದಸ್ಸಿನಿಂದ ಹೊರಗೆ ಬೀಳುತ್ತಾರೆ. ಹಾಗೆ ಬಿದ್ದವರಿಗೂ ಬಿಸಿಯಾಗಿ ಊಟ ಹಾಕುವುದು ಹೇಗೆ ಎಂಬುದೇ ಇಲ್ಲಿನ ಜಿಜ್ಞಾಸೆ.

2. ಅಧ್ಯಯನ ಕ್ಷೇತ್ರ

ಸ್ಥಳ: ಮೈಸೂರಿನಲ್ಲಿ ಅಣ್ಣನ ಮನೆ. ಕಾಲ: ಭಾದ್ರಪದ ಶುಕ್ಲ ಚೌತಿಯ ಮಧ್ಯಾಹ್ನ. ಅಧ್ಯಯನಕ್ಕೆ ಒಳಪಟ್ಟ ವ್ಯಕ್ತಿಗಳು ಈ ಕೆಳಗಿನಂತಿದ್ದಾರೆ.

(ಅ) ಅಮ್ಮ. ಚಾತುರ್ಮಾಸ್ಯ ಹಿಡಿದವರು. ಮೊದಲ ತಿಂಗಳು ಶಾಕವ್ರತ, ಆಮೇಲೆ ದಧಿ, ಕ್ಷೀರ, ಕೊನೆಗೆ ದ್ವಿದಳ. ಚೌತಿ ಬೀಳುವುದು ದಧಿವ್ರತದೊಳಗೆ. ಮೊಸರು ಕೂಡದು, ಕಡೆದು ಬೆಣ್ಣೆ ತೆಗೆದ ಮಜ್ಜಿಗೆ ಆದೀತು. ಮೊಸರಿಗೆ ನೀರು ಬೆರೆಸಿ ಅದನ್ನೇ ಮಜ್ಜಿಗೆ ಎನ್ನುವ ಆಧುನಿಕ ವಾದವನ್ನು ಅಮ್ಮ ಪುರಸ್ಕರಿಸುವುದಿಲ್ಲ.

(ಆ) ಅಣ್ಣ. ಸಕ್ಕರೆ ಕಾಯಿಲೆ, ಜತೆಗೆ ಬಿ.ಪಿ. ದಿನಕ್ಕೆ 5 ಗ್ರಾಂ ಒಳಗೇ ಉಪ್ಪು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಣ್ಣನ ಉಪ್ಪಿನಕಾಯಿ ಆ ಬಾಬತ್ತನ್ನು ತಿಂಡಿಯ ಹೊತ್ತಿಗೇ ಖರ್ಚು ಮಾಡಿ ಮುಗಿಸಿರುತ್ತದೆ. ಬೆಲ್ಲ ಸಕ್ಕರೆಯಲ್ಲ ಎಂಬುದು ಅವನ ದರ್ಶನ. ಲ್ಯಾಬಿನ ವರದಿಗಳು ಈ ದರ್ಶನವನ್ನು ಪ್ರತಿ ಸಲವೂ ಖಂಡಿಸುತ್ತ ಬಂದಿವೆ.

(ಇ) ರಾಯರು, ಅಂದರೆ ಅತ್ತಿಗೆಯ ತಂದೆ. ಮೂತ್ರಪಿಂಡದ ತೊಂದರೆ. ಉಪ್ಪಿಗೆ ಮಿತಿ, ಪೊಟ್ಯಾಸಿಯಂಗೆ ಮಿತಿ. ಬಾಳೆಹಣ್ಣು, ಎಳನೀರು ಎರಡೂ ದೂರ.

(ಈ) ಅಣ್ಣನ ಮಗಳು. ಬೆಂಗಳೂರಿನಲ್ಲಿ ಕೆಲಸ. ವೀಗನ್. ಹಾಲು, ಮೊಸರು, ತುಪ್ಪ, ಜೇನು ಯಾವುದೂ ಇಲ್ಲ.

(ಉ) ಸೊಸೆ. ಲೂಧಿಯಾನದವಳು. ಗೋಧಿಯ ಕಣಜದಲ್ಲಿ ಹುಟ್ಟಿದವಳಿಗೆ ಸೀಲಿಯಾಕ್ ಕಾಯಿಲೆ. ಗೋಧಿ, ಮೈದಾ, ರವೆ ಒಂದು ಕಾಳಷ್ಟೂ ಆಗದು.

(ಊ) ಪಕ್ಕದ ಮನೆಯ ಮೇಷ್ಟರು. ಮೂಡಬಿದಿರೆ ಕಡೆಯ ಜೈನರು. ನೆಲದೊಳಗಿನ ಗೆಡ್ಡೆ ಇಲ್ಲ, ಸೂರ್ಯ ಮುಳುಗಿದ ಮೇಲೆ ಊಟ ಇಲ್ಲ. ಮರುದಿನ ಪಂಚಮಿಯಿಂದ ಅವರಿಗೆ ದಶಲಕ್ಷಣ ಪರ್ವ; ಹಾಗಾಗಿ ನಿಯಮಗಳು ಇನ್ನಷ್ಟು ಬಿಗಿಯಾಗುವ ಮುನ್ನಾದಿನ.

(ಋ) ಮೊಮ್ಮಗ. ಕಡಲೆಕಾಯಿ ಅಲರ್ಜಿ. ಕಡಲೆಕಾಯಿ ನೆಲದೊಳಗೆ ಬಲಿತರೂ ಗೆಡ್ಡೆಯಲ್ಲ, ಬೀಜ. ಆದ್ದರಿಂದ ಮೇಷ್ಟರಿಗೆ ಆಗುತ್ತದೆ, ಮೊಮ್ಮಗನಿಗೆ ಮಾತ್ರ ಆಸ್ಪತ್ರೆ ಕಾಣಿಸುತ್ತದೆ.

ಪ್ರಬಂಧಕಾರನಿಗೆ ಎಲ್ಲವೂ ಆಗುತ್ತದೆ. ಆದ್ದರಿಂದ ಅವನನ್ನು ‘ನಿಯಂತ್ರಣ ಗುಂಪು’ ಎಂದು ಪರಿಗಣಿಸಲಾಯಿತು. ವಿಜ್ಞಾನದ ಹಿತದೃಷ್ಟಿಯಿಂದ ಅವನು ಪ್ರತಿಯೊಂದನ್ನೂ ಎರಡೆರಡು ಸಲ ಹಾಕಿಸಿಕೊಂಡಿದ್ದಾನೆ.

ಕಾಲನಿರ್ಣಯದ ಒಂದು ಸ್ವಾರಸ್ಯವನ್ನು ಇಲ್ಲೇ ಹೇಳಬೇಕು. (ಈ) ಮತ್ತು (ಉ) ಇವರ ಪಥ್ಯಗಳ ಬೇರು ಒಂದೇ ಚಳಿಗಾಲಕ್ಕೆ ಹೋಗುತ್ತದೆ. ಇಂಗ್ಲೆಂಡಿನಲ್ಲಿ ವೀಗನ್ ಸೊಸೈಟಿ ಹುಟ್ಟಿದ್ದು 1944ರ ನವೆಂಬರಿನಲ್ಲಿ. ಅದೇ ಚಳಿಗಾಲ ನೆದರ್ಲೆಂಡ್ಸಿನಲ್ಲಿ ಯುದ್ಧದ ಕ್ಷಾಮ. ಬ್ರೆಡ್ ಸಿಗದೆ ಊರೆಲ್ಲ ಸೊರಗಿದಾಗ ಸೀಲಿಯಾಕ್ ಇದ್ದ ಮಕ್ಕಳು ಮಾತ್ರ ಚೇತರಿಸಿಕೊಂಡರು. ಮಕ್ಕಳ ವೈದ್ಯ ವಿಲ್ಲೆಮ್ ಡಿಕೆಗೆ ಗೋಧಿಯ ಮೇಲೆ ಮೊದಲೇ ಇದ್ದ ಅನುಮಾನ ಇದರಿಂದ ಗಟ್ಟಿಯಾಯಿತು. ಹೀಗೆ ಯುರೋಪಿನ ಒಂದು ಚಳಿಗಾಲದ ಫಲವನ್ನು ಮೈಸೂರಿನ ಅತ್ತಿಗೆ ಭಾದ್ರಪದದ ಸೆಖೆಯಲ್ಲಿ ಅನುಭವಿಸುತ್ತಿದ್ದಾರೆ.

3. ಪೂರ್ವಪಕ್ಷಗಳು

ಮೊದಲನೆಯದು ಪಾಕದ್ವೈತ. ಉಣ್ಣುವವರ ನಡುವೆ ಭೇದ ನಿತ್ಯ, ಸತ್ಯ. ಆದ್ದರಿಂದ ಪಾತ್ರೆಯೂ ಬೇರೆ ಬೇರೆ ಇರಬೇಕು. ಈ ಮತದವರು ಪಂಚಭೇದವನ್ನು ಸಪ್ತಭೇದಕ್ಕೆ ಏರಿಸಿ, ಏಳು ಜನಕ್ಕೆ ಏಳು ಹುಳಿ, ಏಳು ಪಲ್ಯ ಎನ್ನುತ್ತಾರೆ. ತರ್ಕ ನಿರ್ದುಷ್ಟವಾಗಿದೆ. ಆದರೆ ಗೃಹಬಳಕೆಯ ಸಿಲಿಂಡರಿನಲ್ಲಿ ಇರುವುದು 14.2 ಕೆ.ಜಿ. ಅನಿಲ, ಮೇಷ್ಟರಿಗೆ ಸೂರ್ಯಾಸ್ತದ ಗಡುವೂ ಇದೆ. ಇಷ್ಟೆಲ್ಲ ಆದ ಮೇಲೆ ಪಾತ್ರೆ ತೊಳೆಯುವವರು ಯಾರು ಎಂಬ ಪ್ರಶ್ನೆಗೆ ದ್ವೈತಿಗಳು ಉತ್ತರಿಸುವುದಿಲ್ಲ.

ಎರಡನೆಯದು ಪಾಕಾದ್ವೈತ. ಯಾರಿಗೆ ಯಾವುದು ಆಗದೋ ಅದನ್ನೆಲ್ಲ ತೆಗೆಯುತ್ತ ಹೋಗಿ. ಉಳಿದದ್ದೇ ಎಲ್ಲರಿಗೂ ಸಲ್ಲುವ ಏಕಮೇವಾದ್ವಿತೀಯ ಅಡುಗೆ. ಪ್ರಬಂಧಕಾರ ಇದನ್ನು ಕಾಗದದ ಮೇಲೆ ಮಾಡಿ ನೋಡಿದ. ಮೊಸರು ಹೋಯಿತು, ಹಾಲು ಹೋಯಿತು, ತುಪ್ಪ ಹೋಯಿತು. ಗೋಧಿ ಹೋಯಿತು. ಉಪ್ಪು ಹೋಯಿತು, ಬೆಲ್ಲ ಹೋಯಿತು. ಆಲೂಗಡ್ಡೆ, ಸುವರ್ಣಗೆಡ್ಡೆ, ಹಸಿಶುಂಠಿ, ಕಡಲೆಕಾಯಿ ಹೋದವು. ಬಿಳಿ ಅನ್ನ ಉಳಿಯಿತು ಎನ್ನುವಷ್ಟರಲ್ಲಿ ಅಣ್ಣನ ಸಕ್ಕರೆ ಅದನ್ನೂ ಕಬಳಿಸಿತು. ಕಟ್ಟಕಡೆಗೆ ನಿಂತದ್ದು ನೀರು. ಅದನ್ನೂ ರಾಯರಿಗೆ ಡಾಕ್ಟರು ಅಳೆದು ಕೊಟ್ಟಿದ್ದಾರೆ. ಅದ್ವೈತವನ್ನು ಹಿಡಿದು ಹೊರಟವನು ಶೂನ್ಯವಾದಕ್ಕೆ ಬಂದು ನಿಂತಿದ್ದ. ಅದ್ವೈತಿಗಳು ಪ್ರಚ್ಛನ್ನ ಬೌದ್ಧರೆಂಬ ಹಳೆಯ ಆರೋಪಕ್ಕೆ ಅಡುಗೆಮನೆಯಲ್ಲಿ ಇಷ್ಟು ಗಟ್ಟಿ ಪುರಾವೆ ಸಿಗುತ್ತದೆಂದು ಯಾರೂ ಎಣಿಸಿರಲಾರರು.

ಮೂರನೆಯದು ಪರ್ಯಾಯವಾದ: ಆಗದ ಪದಾರ್ಥದ ಬದಲಿಗೆ ಆಗುವ ಪದಾರ್ಥ ತನ್ನಿ. ನೋಡುವುದಕ್ಕೆ ವಿವೇಕದ ಮಾತು. ಅಣ್ಣನ ಬಿ.ಪಿ.ಗೆಂದು ಸೋಡಿಯಂ ಕಡಿಮೆಯ ಉಪ್ಪಿನ ಪೊಟ್ಟಣ ಬಂತು. ಅಂಥ ಉಪ್ಪಿನಲ್ಲಿ ಸೋಡಿಯಂನ ಜಾಗಕ್ಕೆ ಹಾಕುವುದು ಪೊಟ್ಯಾಸಿಯಂ ಕ್ಲೋರೈಡ್; ಅಳಿಯನಿಗೆ ಔಷಧಿ, ಮಾವನಿಗೆ ಅಪಾಯ. ಮಗಳು ಬೆಂಗಳೂರಿನಿಂದ ವೀಗನ್ ಮೊಸರು ತಂದಳು. ಅದು ಕಡಲೆಕಾಯಿ ಹಾಲಿನದು. ಆ ಡಬ್ಬಿ ಮೊಮ್ಮಗನ ಕೈಗೆ ಸಿಗದಂತೆ ಫ್ರಿಜ್ಜಿನ ಮೇಲಿನ ಅಂಕಣಕ್ಕೆ ಹೋಯಿತು. ಉಪ್ಪು ಹೆಚ್ಚಾದರೆ ಆಲೂಗಡ್ಡೆ ಹಾಕಿ ಎಂಬ ಪರಂಪರಾಗತ ಉಪಾಯವೂ ಒಂದಿದೆ. ಉಪ್ಪು ಇಳಿಯುವುದು ಅನುಮಾನ. ಮೇಷ್ಟರು ಮತ್ತು ರಾಯರು ಇಬ್ಬರೂ ಎಲೆ ಬಿಟ್ಟು ಏಳುವುದು ನಿಶ್ಚಿತ.

4. ಸಿದ್ಧಾಂತ

ಈ ಮೂರೂ ವಾದಗಳನ್ನು ಅಡುಗೆಮನೆಯ ಬಾಗಿಲಲ್ಲಿ ನಿಂತು ಮಂಡಿಸಿದಾಗ ಅತ್ತಿಗೆ ಹೇಳಿದ್ದು: “ಮೊದಲು ಆ ಕಾಯಿ ತುರಿದು ಕೊಡಪ್ಪ, ಆಮೇಲೆ ಬರ್ಕೊಳ್ಳುವಿಯಂತೆ.” ಪ್ರಸ್ತುತ ಸಿದ್ಧಾಂತಕ್ಕೆ ಇದೇ ಮಂಗಳಾಚರಣೆ.

ಸೂತ್ರ 1: ಹಾಕಿದ್ದು ಹಾಕಿದ್ದೇ.

ವೃತ್ತಿ: ಸಾರಿಗೆ ಬಿದ್ದ ಉಪ್ಪು ಮರಳಿ ಡಬ್ಬಿಗೆ ಬರುವುದಿಲ್ಲ. ಲೋಕದ ಕೆಲಸಗಳು ಹಿಂದಕ್ಕೆ ಸಾಗುವುದಿಲ್ಲ ಎಂಬ ತಿಳಿವಿಗೆ ಜರ್ಮನಿಯ ಕ್ಲಾಸಿಯಸ್ 1865ರಲ್ಲಿ ಎಂಟ್ರೊಪಿ ಎಂಬ ಹೆಸರಿಟ್ಟ. ಒಗ್ಗರಣೆ ಸೀದ ಪ್ರತಿಯೊಂದು ಮನೆಗೂ ಇದು ಮೊದಲೇ ಗೊತ್ತಿತ್ತು.

ಸೂತ್ರ 2: ಎಲ್ಲರಿಗೂ ಆಗುವುದು ಮೊದಲು, ಒಬ್ಬರಿಗೆ ಆಗದ್ದು ಆಮೇಲೆ.

ಸೂತ್ರ 3: ಎರಡರ ನಡುವೆ ಎತ್ತಿಡು.

ಉದಾಹರಣೆ, ಬೂದುಗುಂಬಳದ ಮಜ್ಜಿಗೆಹುಳಿ. ಹೋಳುಗಳನ್ನು ಧಾರಾಳ ನೀರಿನಲ್ಲಿ ಬೇಯಿಸಬೇಕು. ಪೊಟ್ಯಾಸಿಯಂನ ಸಾಕಷ್ಟು ಪಾಲು ನೀರಿಗೆ ಇಳಿಯುತ್ತದೆ; ಜಾಲರಿ ಸೌಟಿನಿಂದ ರಾಯರ ಹೋಳುಗಳನ್ನು ಬಸಿದು ಎತ್ತಿಡಬೇಕು, ನೀರು ಉಳಿದವರ ಪಾಲಿಗೆ. ಮಂಡ್ಯದ ಕಡೆಯ ಬಸ್ಸಾರೂ ಇದೇ ತತ್ತ್ವದ ಮೇಲೆ ನಿಂತಿದೆ: ಒಂದೇ ಪಾತ್ರೆಯಿಂದ ಗಟ್ಟಿ ಒಂದು ಕಡೆ, ರಸ ಒಂದು ಕಡೆ. ಆಮೇಲೆ ಕಾಯಿತುರಿ, ಹಸಿಮೆಣಸಿನಕಾಯಿ, ಜೀರಿಗೆ, ಕೊತ್ತಂಬರಿ ಬೀಜ, ನೆನೆಸಿದ ಕಡಲೆಬೇಳೆ ರುಬ್ಬಬೇಕು. ಅಭ್ಯಾಸಬಲದಿಂದ ಹಸಿಶುಂಠಿಯ ಕಡೆಗೆ ಹೋದ ಕೈ ಮೇಷ್ಟರ ನೆನಪಾಗಿ ಹಿಂದೆ ಬರಬೇಕು. ರುಬ್ಬಿದ್ದರಲ್ಲಿ ಒಂದು ಪಾಲು ರಾಯರ ಹೋಳುಗಳಿಗೆ ಹೋಯಿತು, ಉಳಿದದ್ದು ಪಾತ್ರೆಯ ಹೋಳಿನೊಂದಿಗೆ ಕುದಿಯಿತು. ಈಗ ಉಪ್ಪು ಬೀಳುವ ಮೊದಲು ಎರಡು ಸೌಟು ಎತ್ತಿಟ್ಟರೆ ಅಣ್ಣನಿಗೆ ಆಯಿತು. ಉಪ್ಪು ಬಿತ್ತು. ಮಜ್ಜಿಗೆ ಬೀಳುವ ಮೊದಲು ಒಂದು ಬಟ್ಟಲು ಎತ್ತಿಟ್ಟು ಹುಣಿಸೆರಸ ಬಿಟ್ಟರೆ ಮಗಳಿಗೆ ಆಯಿತು. ಉಳಿದದ್ದಕ್ಕೆ ಕಡೆದ ಮಜ್ಜಿಗೆ. ಇಲ್ಲಿಂದ ಉರಿ ಸಣ್ಣದಿರಬೇಕು, ಕೈ ಬಿಡದೆ ತಿರುವಬೇಕು, ಉಕ್ಕುವ ಮೊದಲೇ ಇಳಿಸಬೇಕು. ಇಲ್ಲವಾದರೆ ಹುಳಿ ಒಡೆಯುತ್ತದೆ, ಅಮ್ಮನ ದಧಿವ್ರತಕ್ಕೆ ಮೌನವ್ರತವೂ ಸೇರುತ್ತದೆ.

ಒಗ್ಗರಣೆಗೆ ಕೊಬ್ಬರಿ ಎಣ್ಣೆ, ಮೊಮ್ಮಗನ ದೆಸೆಯಿಂದ. ಸಾಸಿವೆ ಸಿಡಿದು ಕರಿಬೇವು ಬಿದ್ದ ಕೂಡಲೇ ಸೊಸೆಯ ಬಟ್ಟಲಿಗೆ ಒಂದು ಚಮಚ ಹೋಗಬೇಕು, ಇಂಗು ಬೀಳುವ ಮೊದಲೇ. ಅಂಗಡಿಯ ಇಂಗಿನ ಡಬ್ಬಿಯಲ್ಲಿ ಇಂಗಿನ ಜತೆ ಗೋಂದು, ಎಷ್ಟೋ ಸಲ ಮೈದಾ ಕೂಡ ಇರುತ್ತದೆ. ಚಪಾತಿಯನ್ನು ದೂರವಿಟ್ಟು ಗೆದ್ದೆವೆಂದುಕೊಂಡ ಮನೆಗಳು ಚಿಟಿಕೆ ಇಂಗಿನಲ್ಲಿ ಸೋಲುವುದು ಹೀಗೆ.

ಪಾತ್ರೆಯೊಳಗೆ ಶರೀರ ಒಂದೇ, ವಿಶೇಷಣಗಳು ಬೇರೆ. ಇದನ್ನು ವಿಶಿಷ್ಟಪಾಕಾದ್ವೈತ ಎನ್ನದೆ ಗತ್ಯಂತರವಿಲ್ಲ. ಅಪ್ಪಟ ಮಾಧ್ವರ ಮನೆಯ ಒಲೆಯ ಮೇಲೆ ಇಂಥದು ನಡೆಯುತ್ತಿದೆ ಎಂಬುದನ್ನು ಅಮ್ಮನಿಗೆ ಇನ್ನೂ ತಿಳಿಸಿಲ್ಲ.

5. ಶಾಸನ ಮತ್ತು ಸೌಟು

ಎತ್ತಿಟ್ಟದ್ದು ಯಾರದು ಎಂದು ಗುರುತಿಸುವುದು ಹೇಗೆ? ಇಲ್ಲಿ ಶಾಸನಶಾಸ್ತ್ರ ನೆರವಿಗೆ ಬರುತ್ತದೆ. ನಮ್ಮ ಮನೆಗಳ ಸ್ಟೀಲ್ ಪಾತ್ರೆಗಳ ಮೇಲೆ ಕೊಟ್ಟವರ ಹೆಸರು, ಸಮಾರಂಭ, ತಾರೀಖು ಚುಕ್ಕಿ ಚುಕ್ಕಿಯಾಗಿ ಕೆತ್ತಿರುತ್ತದೆ. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಿಗೆ ಸೇರದೆ ಹೋದ ಈ ದಾನಶಾಸನಗಳನ್ನು ಅತ್ತಿಗೆ ಪೂರ್ತಿ ಬಳಸಿಕೊಂಡಿದ್ದಾರೆ. ಗೃಹಪ್ರವೇಶದ ಬಟ್ಟಲು ರಾಯರಿಗೆ, ಉಪನಯನದ ಡಬ್ಬಿ ಸೊಸೆಗೆ, ಅಕ್ಷರ ಸವೆದು ವಂಶ ತಿಳಿಯದ ತಪ್ಪಲೆ ಮಗಳಿಗೆ.

ಇನ್ನು ಸೌಟು. ಇಂಗು ಹಾಕಿದ ಹುಳಿಯ ಸೌಟು ಸೊಸೆಯ ಬಟ್ಟಲಿಗೆ ಇಳಿದರೆ ಬೆಳಗಿನಿಂದ ಮಾಡಿದ ತಪಸ್ಸು ವ್ಯರ್ಥ. ಚಿತ್ರಾನ್ನದ ಕಡಲೆಕಾಯಿ ತಾಗಿದ ಚಮಚ ಮೊಮ್ಮಗನ ಕೋಸಂಬರಿಗೆ ಬಂದರೆ ಊಟವೇ ಮೊಟಕು. ಆದ್ದರಿಂದ ಸೌಟು ಬೇರೆ, ಮುಚ್ಚಳ ಬೇರೆ, ಮುಟ್ಟಿದ ಕೈ ತೊಳೆದೇ ಮುಂದಿನ ಪಾತ್ರೆ. ಸೊಸೆ ಇದಕ್ಕೆ ಡಾಕ್ಟರು ಹೇಳಿದ ಇಂಗ್ಲಿಷ್ ಹೆಸರನ್ನು ವಿವರಿಸಹೊರಟಾಗ ಅಮ್ಮ ಅರ್ಧಕ್ಕೇ ತಡೆದರು: “ಗೊತ್ತಮ್ಮ, ಮಡಿ.” ಕ್ರಮದಲ್ಲಿ ಎರಡೂ ಒಂದೇ ಎಂಬುದು ನಿಜ. ಪ್ರಯೋಜನದಲ್ಲಿ ಮಾತ್ರ ಅಜಗಜಾಂತರ. ಹಳೆಯ ಮಡಿಯಿಂದ ಎಷ್ಟು ಜನ ಅಡುಗೆಮನೆಯ ಹೊರಗೆ, ಪಂಕ್ತಿಯ ಹೊರಗೆ ಉಳಿದರು ಎಂಬುದಕ್ಕೆ ಲೆಕ್ಕವಿಲ್ಲ. ಈ ಹೊಸ ಮಡಿಯ ಉದ್ದೇಶವೇ ಏಳೂ ಜನರನ್ನು ಒಂದೇ ಪಂಕ್ತಿಯಲ್ಲಿ ಕೂರಿಸುವುದು. ವಿಧಿ ಹಳೆಯದು, ಫಲಶ್ರುತಿ ಹೊಸದು. ಮೀಮಾಂಸಕರು ಇದನ್ನು ಗಮನಿಸಬೇಕು.

6. ಬಡಿಸುವ ಪ್ರಕರಣ

ಶಾಸ್ತ್ರ ಇಷ್ಟು ಬಿಗಿಯಾಗಿದ್ದರೂ ಊಟ ಆರಂಭವಾಗುವ ಮೊದಲೇ ಸಂಕಟವೊಂದು ಎದುರಾಯಿತು. ಬಾಳೆಎಲೆಗೆ ಮೊದಲು ಬೀಳುವುದು ಅಭಿಗಾರದ ತುಪ್ಪ. ಅಣ್ಣ ಮಂತ್ರಮುಗ್ಧನಂತೆ ಎಲೆಯಿಂದ ಎಲೆಗೆ ತೊಟ್ಟಿಕ್ಕುತ್ತ ಬಂದ; ಮಗಳು ಎರಡೂ ಕೈ ಅಡ್ಡ ಹಿಡಿದು ಎಲೆಯನ್ನು ಕಾಪಾಡಿಕೊಂಡಳು. ಶುದ್ಧಿಗೆ ತುಪ್ಪವೇ ಬೇಕೆ, ನೀರು ಸಾಲದೆ ಎಂಬ ಪ್ರಶ್ನೆ ಎದ್ದಿತು. ಎಲೆಗೆ ನೀರು ಚಿಮುಕಿಸಿ ಒರೆಸಿದ್ದೇ ಶುದ್ಧಿ, ತುಪ್ಪ ರುಚಿಗೆ ಎಂದು ಅಮ್ಮ ತೀರ್ಪು ಕೊಟ್ಟರು. ನಾಲ್ಕು ತಿಂಗಳು ಒಂದಲ್ಲ ಒಂದನ್ನು ಬಿಡುತ್ತಲೇ ಇರುವವರಿಗೆ ಬಿಡುವವರ ಕಷ್ಟ ಬೇಗ ತಿಳಿಯುತ್ತದೆ. ಮುಂದಿನ ತಿಂಗಳ ಕ್ಷೀರವ್ರತದಲ್ಲಿ ಅಜ್ಜಿ, ಮೊಮ್ಮಗಳು ಇಬ್ಬರೂ ಹಾಲಿಲ್ಲದವರೇ. ಒಬ್ಬರು ಪುಣ್ಯಕ್ಕೆ, ಒಬ್ಬರು ಹಸುವಿಗೆ. ಕಾಫಿ ಮಾತ್ರ ಇಬ್ಬರಿಗೂ ಕಪ್ಪು.

ಉಳಿದಂತೆ ಎಲ್ಲ ಸುಗಮ. ಕಡುಬಿಗೆ ಅಕ್ಕಿಹಿಟ್ಟಿನ ಕಣಕ, ಸೊಸೆಗಾಗಿ. ಅಣ್ಣನಿಗೆ ಉದ್ದಿನ ಹೂರಣದ ಖಾರದ ಕಡುಬು ಮತ್ತು ನವಣೆ ಅನ್ನ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದಾಗಿನಿಂದ ಅತ್ತಿಗೆ ಆ ಅನ್ನವನ್ನು ಅಂತಾರಾಷ್ಟ್ರೀಯ ಬೆಂಬಲದೊಂದಿಗೇ ಬಡಿಸುತ್ತಾರೆ. ಅಣ್ಣ ನವಣೆಯನ್ನು ಗೌರವದಿಂದ ಕಂಡ, ಪಕ್ಕದೆಲೆಯ ಬೆಲ್ಲದ ಕಡುಬನ್ನು ಪ್ರೀತಿಯಿಂದ.

7. ಉಪಸಂಹಾರ ಮತ್ತು ತಿದ್ದುಪಡಿ

ಎರಡನೆಯ ಸುತ್ತು ಬಡಿಸುವಾಗ ಸಿದ್ಧಾಂತದ ಒಂದು ರಂಧ್ರ ಬೆಳಕಿಗೆ ಬಂತು. ಮಗಳಿಗೆಂದು ಎತ್ತಿಟ್ಟ ಹುಣಿಸೆಯ ಹುಳಿಯನ್ನು ಕಂಡ ಅಣ್ಣ “ಇದೇನು ಬೇರೆ ಥರ ಇದೆಯಲ್ಲ, ಒಂದು ಚೂರು ಹಾಕು” ಎಂದ. ಮೇಷ್ಟರು “ನನಗೂ ರುಚಿಗೆ” ಎಂದರು. ರಾಯರು ಬಾಯಿಬಿಟ್ಟು ಕೇಳಲಿಲ್ಲ, ಎಲೆಯನ್ನು ಸ್ವಲ್ಪ ಮುಂದಕ್ಕೆ ಸರಿಸಿದರು. ಮಗಳೇ ಅವರನ್ನು ತಡೆದಳು, ಅದಕ್ಕೆ ಉಪ್ಪು ಬಿದ್ದಿದೆ ಎಂದು. ವಿಶೇಷವಾಗಿ ಮಾಡಿದ್ದು ಎಂದು ತಿಳಿದ ಕ್ಷಣದಿಂದ ಪಥ್ಯದ ಅಡುಗೆಗೆ ಆ ಪಥ್ಯವಿಲ್ಲದವರೇ ಮೊದಲು ಮುಗಿಬೀಳುತ್ತಾರೆ. ಮಗಳು ಮತ್ತೆ ಕೇಳುವ ಹೊತ್ತಿಗೆ ತಪ್ಪಲೆಯಲ್ಲಿ ಎರಡು ಕರಿಬೇವಿನ ಎಸಳು ಉಳಿದಿದ್ದವು. ಮಜ್ಜಿಗೆಹುಳಿ ಅರ್ಧ ಪಾತ್ರೆ ಹಾಗೇ ಇತ್ತು.

ಆದ್ದರಿಂದ ಮುಂದಿನ ಹಬ್ಬದಿಂದ ಜಾರಿಗೆ ಬರುವಂತೆ ಅತ್ತಿಗೆ ಒಂದು ತಿದ್ದುಪಡಿ ಹೊರಡಿಸಿದ್ದಾರೆ.

ಸೂತ್ರ 4: ಎತ್ತಿಟ್ಟದ್ದನ್ನು ಬಚ್ಚಿಡು.

ವೃತ್ತಿ: ಎಲ್ಲಿ ಎಂಬುದನ್ನು ನಿಯಂತ್ರಣ ಗುಂಪಿಗೆ ತಿಳಿಸತಕ್ಕದ್ದಲ್ಲ.