ಇನ್ನೂರಾ ಒಂದು

ಮೇ ತಿಂಗಳ ಮಧ್ಯಾಹ್ನ ಕಲಬುರಗಿಯ ನಮ್ಮ ಮನೆ ನಲ್ಲಿಯ ನೀರಿಗೆ ಚಹಾಪುಡಿ ಹಾಕುವುದೊಂದೇ ಬಾಕಿ. ಆದರೂ ಎ.ಸಿ. ಅಂದರೆ ಶೋಕಿಯಲ್ಲ ಎಂದು ಅಪ್ಪನನ್ನು ಒಪ್ಪಿಸಲು ನನಗೆ ಮೂರು ಬೇಸಿಗೆ ಹಿಡಿಯಿತು. ಒಂದೂವರೆ ಟನ್ನಿನದು ಬಂದ ದಿನ ಅದರ ಸುತ್ತ ಕಣ್ಣಾಡಿಸಿ, "ಟನ್ ಲೆಕ್ಕ ಯಾಕ? ಇದೇನ್ ತೊಗರಿಯೇನು?" ಎಂದರು. ಒಂದು ಟನ್ ಮಂಜುಗಡ್ಡೆ 24 ತಾಸಿನಲ್ಲಿ ಕರಗುವಾಗ ಹೀರುವಷ್ಟು ಶಾಖ ಅಂತ ವಿವರಿಸಿದೆ. "ಹಂಗಾರ ಐಸೇ ತರಬೇಕಿತ್ತು."

ಅಪ್ಪನ ಸಿಟ್ಟಿಗೆ ಕಾರಣ ಗೃಹಜ್ಯೋತಿಯ ಲೆಕ್ಕ. 2022–23ರಲ್ಲಿ ಸುಟ್ಟ ಕರೆಂಟಿನ ಸರಾಸರಿ, ಮೇಲೆ ಶೇ 10, ಅಷ್ಟು ಪುಕ್ಕಟೆ. ಆ ವರ್ಷ ಮನೆತುಂಬ ಓಡಾಡಿ ಸ್ವಿಚ್ ಆರಿಸಿದ ಪುಣ್ಯಕ್ಕೆ ನಮ್ಮ ಪಾಲು 88 ಯೂನಿಟ್. ಹಗಲೂ ಲೈಟು ಉರಿಸುತ್ತಿದ್ದ ಪಕ್ಕದ ಮನೆಯವರಿಗೆ ಅದರ ದುಪ್ಪಟ್ಟು! 88 ದಾಟಿದರೆ ದಾಟಿದಷ್ಟಕ್ಕೆ ದುಡ್ಡು. 200 ದಾಟಿತೋ, ಪೂರಾ ಬಿಲ್ಲು ತಲೆಯ ಮೇಲೆ.

ಹೀಗಾಗಿ ಎ.ಸಿ.ಯ ಜೊತೆಗೇ ಕಾನೂನೂ ಬಂತು. ಹಚ್ಚಿದೊಡನೆ 24ಕ್ಕೇ ನಿಲ್ಲುವಂತೆ 2020ರಿಂದ ಸರ್ಕಾರವೇ ಮಾಡಿದೆ. ಒಂದು ಡಿಗ್ರಿ ಏರಿಸಿದರೆ ಶೇ 6ರಷ್ಟು ಉಳಿತಾಯ ಎಂದು ಎಲ್ಲೋ ಓದಿದ್ದ ಅಪ್ಪ ಸರ್ಕಾರಕ್ಕಿಂತ ಮೂರು ಡಿಗ್ರಿ ಮುಂದೆ ಹೋದರು. ರಾತ್ರಿ ಎರಡು ತಾಸು, ಒಂದೇ ಕೋಣೆ, ಆರು ಜನ. ಬಾಗಿಲ ಸಂದಿಗೆ ಅವ್ವನ ಹಳೇ ಇಳಕಲ್ ಸೀರೆ. ಮಗ ಒಂದಕ್ಕೆ ಎದ್ದರೆ ಕತ್ತಲಲ್ಲೇ ಗುಡುಗು: "ಬಾಗ್ಲಾ ಮುಚ್ಚೋ! ಹೊರಗಿನ ಮಂದಿಗ್ಯಾಕ ತಂಪು?"

ಹಗಲು ನಮಗೆಲ್ಲ ಕೂಲರು. ನಮ್ಮ ಒಣ ಬಿಸಿಲಿಗೆ ಅದೇ ಸರಿ ಅನ್ನಿ. ಮಳೆಗಾಲದಲ್ಲಿ ಮಾತ್ರ ಒದ್ದೆ ಅಂಗಿ ತೊಟ್ಟಂತಾಗುತ್ತದೆ. ಅಪ್ಪನಿಗೆ ಅದೂ ಬೇಡ. ಶಹಾಬಾದ ಕಲ್ಲಿನ ನೆಲಕ್ಕೆ ನೀರು ಚಿಮುಕಿಸಿ ಬರಿಮೈಯಲ್ಲಿ ಅಂಗಾತ ಬಿದ್ದುಕೊಳ್ಳುತ್ತಾರೆ. ಸಂಜೆ ಎದ್ದಾಗ ಬೆನ್ನ ಮೇಲೆ ಕಲ್ಲುಸಂದಿಯ ಗೆರೆ, ನಡುವೆ ಅಂಟಿಕೊಂಡ ಒಂದೆರಡು ಅಕ್ಕಿಕಾಳು.

ರಾತ್ರಿಯಾದರೆ ಪಡಸಾಲೆಯ ಮೀಟರಿನ ಪೂಜೆ. ನಡುರಾತ್ರಿ ಎದ್ದು, ಲೈಟು ಹಚ್ಚಿ, ಕನ್ನಡಕ ಏರಿಸಿ, ಅಂಕಿಯನ್ನು ಕ್ಯಾಲೆಂಡರಿನ ಅಂಚಿಗೆ ಬರೆದು ಮಲಗುವುದು. ಇಷ್ಟಾಗಿ ತಿಂಗಳ ಬಿಲ್ಲು ಬಂತು: 201.

ಮನೆಯಲ್ಲಿ ಸೂತಕದ ಕಳೆ. ಒಬ್ಬೊಬ್ಬರನ್ನೇ ಕರೆದು ವಿಚಾರಣೆ: ನನ್ನ ಫೋನ್ ಚಾರ್ಜು, ಹೆಂಡತಿಯ ಇಸ್ತ್ರಿ, ಮಗನ ಟಿ.ವಿ. ಅವ್ವ ಮೂಲೆಯಲ್ಲಿ ಹುಣಸೆಬೀಜ ಬಿಡಿಸುತ್ತ ಕೂತಿದ್ದಳು. ತಲೆ ಎತ್ತಲೂ ಇಲ್ಲ.

"ಮೀಟರ್ ನೋಡ್ಲಿಕ್ಕಂತ ಹಚ್ಚಿದ ಆ ಅರವತ್ತು ವಾಟಿನ ಬಲ್ಬ್ ಮೂರು ರಾತ್ರಿ ಬೆಳತನಕ ಉರೀತು. ಮುಂಜಾನೆ ನಾನೇ ಆರ್ಸೀನಿ."

ಅರವತ್ತು ವಾಟಿನ ಬಲ್ಬು ಹದಿನೇಳು ತಾಸು ಉರಿದರೆ ಒಂದು ಯೂನಿಟ್. ಈ ಲೆಕ್ಕಕ್ಕೆ ಅಪ್ಪನಿಗೆ ಕ್ಯಾಲೆಂಡರು ಬೇಕಾಗಲಿಲ್ಲ. ಹೆಗಲ ಟವೆಲ್ಲು ತೆಗೆದು, ನೆಲಕ್ಕೆ ನೀರು ಚಿಮುಕಿಸತೊಡಗಿದರು.